ಎಣಿಕೆಗೆ ಬಾರದ ಕಲ್ಲುಹೂವು

ರಸ್ತೆ ಅಗಲ ಮಾಡುವ ಮುನ್ನ ಮರಗಳ ಸುತ್ತಳತೆ ಹಿಡಿಯುತ್ತಾರೆ, ತೊಗಟೆಯನ್ನು ಅಂಗೈಯಗಲ ಕೆತ್ತಿ ನಂಬರು ಬರೆಯುತ್ತಾರೆ. ಯಾವ ಜಾತಿಯ ಮರ, ಎಷ್ಟು ದಪ್ಪ, ಎಷ್ಟು ನಾಟಾ, ಎಷ್ಟು ಸೌದೆ ಎಂಬುದೆಲ್ಲ ಕಾಗದಕ್ಕೆ ಏರುತ್ತದೆ. ತುಮಕೂರಿನಿಂದ ಗುಬ್ಬಿ, ತಿಪಟೂರಿನ ಕಡೆ ಸಾಗುವ ಬಿ.ಎಚ್. ರಸ್ತೆಯಿರಲಿ, ಕುಣಿಗಲ್ ಹಾದು ಹಾಸನದ ಕಡೆ ಹೋಗುವ ಹೆದ್ದಾರಿಯಿರಲಿ, ಹಳೆಯ ಸಾಲುಮರ ಉರುಳುವ ಮುನ್ನ ನಡೆಯುವ ಕ್ರಮ ಇದೇ. ಆದರೆ ನಂಬರು ಬರೆಯಲೆಂದು ಕೆತ್ತಿ ಎಸೆದ ತೊಗಟೆಯ ಚೂರಿಗೂ ಬೂದು ಬಣ್ಣದ ಒಂದು ಜೀವ ಅಂಟಿಕೊಂಡಿರುತ್ತದೆ. ಅದಕ್ಕೆ ಕಾಲಂ ಇಲ್ಲ, ನಂಬರೂ ಇಲ್ಲ.

ಆ ಜೀವವೇ ಕಲ್ಲುಹೂವು. ಬಿಸಿಬೇಳೆಭಾತಿನ ಪುಡಿಗೆ ಚಕ್ಕೆ, ಲವಂಗ, ಮರಾಠಿ ಮೊಗ್ಗಿನ ಜೊತೆ ಗ್ರಂದಿಗೆ ಅಂಗಡಿಯಿಂದ ತರುವ ಪದಾರ್ಥವೆಂದು ನಮಗೆ ಅದರ ಪರಿಚಯ. ಅಂಗಡಿಯ ಆ ಒಂದು ಬಗೆಯ ಹಿಂದೆ ದೊಡ್ಡ ಬಳಗವೇ ಇದೆ. ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟ ಕಲ್ಲುಹೂವಿನ ಪ್ರಭೇದಗಳು 20,000ದ ಆಸುಪಾಸಿನಲ್ಲಿವೆ. ಭಾರತದಲ್ಲಿ 2,700ಕ್ಕೂ ಹೆಚ್ಚು ದಾಖಲಾಗಿವೆ. ಈ ದೇಶದಲ್ಲಿ ಕಲ್ಲುಹೂವಿನ ವಿಜ್ಞಾನಕ್ಕೆ ಬುನಾದಿ ಹಾಕಿದವರು ಲಖನೌದ ಧರಣೀಧರ ಅವಸ್ಥಿ. ಅವರು ಮತ್ತು ಅವರ ಶಿಷ್ಯರು ಕೂಡಿಹಾಕಿದ ಮಾದರಿಗಳು ಇಂದು ಅಲ್ಲಿನ ರಾಷ್ಟ್ರೀಯ ಸಸ್ಯಶಾಸ್ತ್ರೀಯ ಸಂಶೋಧನಾ ಸಂಸ್ಥೆಯಲ್ಲಿವೆ. ಕರ್ನಾಟಕದಲ್ಲಿ ನಡೆದ ಕೆಲಸದ ಹೆಚ್ಚಿನ ಪಾಲು ಪಶ್ಚಿಮ ಘಟ್ಟದ್ದು. ಕುವೆಂಪು ವಿಶ್ವವಿದ್ಯಾಲಯದವರು ಭದ್ರಾ ಅಭಯಾರಣ್ಯದ ಸುತ್ತ ನಡೆಸಿದ ಅಧ್ಯಯನಗಳು ಅದಕ್ಕೆ ಒಳ್ಳೆಯ ಉದಾಹರಣೆ. ಮಳೆ ಹೆಚ್ಚು, ನೆರಳು ಹೆಚ್ಚು, ಪ್ರಭೇದವೂ ಹೆಚ್ಚು. ವಿಜ್ಞಾನಿಗಳು ಮಲೆನಾಡಿಗೆ ಹೋದದ್ದು ಸಹಜವೇ.

ಆದರೂ ಕಲ್ಲುಹೂವಿನ ಪಟ್ಟಿ ಮಲೆನಾಡಿಗಿಂತ ತುರ್ತಾಗಿ ಬೇಕಾಗಿರುವುದು ತುಮಕೂರು, ಗುಬ್ಬಿ, ಕುಣಿಗಲ್‌ನಂಥ ಬಯಲುಸೀಮೆಯ ಊರುಗಳಿಗೆ ಎಂಬುದು ನನ್ನ ವಾದ. ಇಲ್ಲಿ ಪ್ರಭೇದ ಕಡಿಮೆಯಿರಬಹುದು, ಬದಲಾವಣೆಯ ವೇಗ ಮಾತ್ರ ವಿಪರೀತ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆಯುತ್ತಲೇ ಇದೆ. ತುಮಕೂರು ಬೆಂಗಳೂರಿನ ಮಗ್ಗುಲಿನ ಊರಾಗಿದೆ. ಇವೆಲ್ಲ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಇಷ್ಟು ಬದಲಾಗುವ ಊರು, ಬದಲಾಗುವ ಮೊದಲು ತನ್ನಲ್ಲಿ ಏನಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು.

ಮೊದಲು ಇದು ಎಂಥ ಜೀವಿ ಎಂಬುದನ್ನು ನೋಡೋಣ. ಕಲ್ಲುಹೂವು ಒಂದೇ ಜೀವಿಯಲ್ಲ ಎಂದು 1867ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ ಹೇಳಿದಾಗ ಅಂದಿನ ಪಂಡಿತರು ಸುಲಭವಾಗಿ ಒಪ್ಪಲಿಲ್ಲ. ಒಂದು ಶಿಲೀಂಧ್ರ, ಅದರ ಎಳೆಗಳ ನಡುವೆ ಒಂದು ಪಾಚಿ. ಇವೆರಡೂ ಸೇರಿ ಕಟ್ಟಿಕೊಂಡ ದೇಹ ಇದು ಎಂಬುದು ಅವರ ವಾದ. ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ, ಶಿಲೀಂಧ್ರ ಅದಕ್ಕೆ ಆಸರೆ, ನೆರಳು, ತೇವ ಒದಗಿಸುತ್ತದೆ. ಕೆಲವು ಬಗೆಗಳಲ್ಲಿ ಪಾಚಿಯ ಬದಲು, ಅಥವಾ ಪಾಚಿಯ ಜೊತೆಗೆ, ಸಯನೋಬ್ಯಾಕ್ಟೀರಿಯಾ ಇರುತ್ತವೆ. ಅವು ಗಾಳಿಯ ಸಾರಜನಕವನ್ನೂ ಹಿಡಿದುಕೊಡಬಲ್ಲವು. ವಿರೋಧ ಕರಗಿ, ಮುಂದೆ ಇದೇ ಪಠ್ಯಪುಸ್ತಕದ ಪಾಠವಾಯಿತು.

ಒಂದೂವರೆ ಶತಮಾನ ಕಳೆದ ಮೇಲೆ ಪಾಠಕ್ಕೆ ತಿದ್ದುಪಡಿ ಬಂತು. ಉತ್ತರ ಅಮೆರಿಕದ ಕಾಡುಗಳಲ್ಲಿ ಮರದಿಂದ ಜಡೆಯಂತೆ ಇಳಿಬೀಳುವ ಬ್ರಯೋರಿಯಾ ಎಂಬ ಕಲ್ಲುಹೂವಿನಲ್ಲಿ ಎರಡು ಬಗೆಗಳಿವೆ. ಒಂದು ಕಂದು, ಇನ್ನೊಂದು ಹಳದಿ ಛಾಯೆಯದು. ಹಳದಿಯದರಲ್ಲಿ ವಲ್ಪಿನಿಕ್ ಆಮ್ಲವೆಂಬ ವಿಷ ಹೆಚ್ಚು. ಆದರೆ ಎರಡರಲ್ಲೂ ಇರುವ ಮುಖ್ಯ ಶಿಲೀಂಧ್ರ ಒಂದೇ, ಪಾಚಿಯೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಕಲ್ಲುಹೂವಿನ ಹೊರಸಿಪ್ಪೆಯಲ್ಲಿ ಯಾರೂ ಗಮನಿಸದೇ ಇದ್ದ ಮೂರನೆಯ ಪಾಲುದಾರ, ಒಂದು ಬಗೆಯ ಯೀಸ್ಟ್ ಇತ್ತು. ಹಳದಿ ಬಗೆಯಲ್ಲಿ ಅದು ಹೇರಳವಾಗಿತ್ತು. ಎಲ್ಲ ಕಲ್ಲುಹೂವುಗಳೂ ಮೂವರ ಕೂಟ ಎಂಬ ಮಾತು ಆಗ ಜಗತ್ತಿನಾದ್ಯಂತ ಹರಡಿತು. 2019ರಲ್ಲಿ ಜೇಮ್ಸ್ ಲೆಂಡೆಮರ್ ಮತ್ತು ಸಂಗಡಿಗರು 57 ಕುಟುಂಬಗಳ 339 ಪ್ರಭೇದಗಳ ಡಿಎನ್‌ಎ ಜಾಲಾಡಿದಾಗ ಬಹುಪಾಲಿನಲ್ಲಿ ಆ ಯೀಸ್ಟ್ ಕಾಣಲಿಲ್ಲ. ಮೊದಲ ಸಂಶೋಧನೆ ಇದರಿಂದ ಸುಳ್ಳಾಗಲಿಲ್ಲ. ಅದರ ವ್ಯಾಪ್ತಿ ಎಷ್ಟೆಂದು ತಿಳಿಯಿತು. ಒಂದೆರಡು ಪ್ರಭೇದ ನೋಡಿ ಇಡೀ ಬಳಗದ ಬಗ್ಗೆ ತೀರ್ಪು ಕೊಡಬಾರದು, ಬೇರೆ ಬೇರೆ ನೆಲದ ಮಾದರಿಗಳನ್ನು ನೋಡಲೇಬೇಕು ಎಂಬುದು ಇದರಲ್ಲಿ ನಮಗೆ ಸಿಗುವ ಪಾಠ. ಮಳೆಕಾಡಿನ ಕಲ್ಲುಹೂವಿನಿಂದ ತಿಳಿದದ್ದು ತುಮಕೂರಿನ ದೇವರಾಯನದುರ್ಗದ ಬಿಸಿಲುಬಂಡೆಗೂ ಅನ್ವಯಿಸುತ್ತದೆಯೇ ಎಂಬುದನ್ನು ಆ ಬಂಡೆಯ ಬಳಿಗೆ ಹೋಗಿಯೇ ಕೇಳಬೇಕು.

ಈ ಜೀವಿಯನ್ನು ಸರಿಯಾಗಿ ಅರಿಯದೆ ನಮ್ಮ ತೋಟಗಳಲ್ಲಿ ಮಾಡಿಕೊಂಡಿರುವ ನಷ್ಟವೂ ಇದೆ. ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ತೆಂಗು, ಅಡಿಕೆ ಇಲ್ಲದ ಊರಿಲ್ಲ. ಕಾಂಡದ ಮೇಲೆ ಬಿಳಿ, ಬೂದು ಮಚ್ಚೆಗಳು ಹರಡಿದ್ದನ್ನು ಕಂಡ ಕೂಡಲೇ ಮರಕ್ಕೆ ಬೂಷ್ಟು ಹಿಡಿಯಿತು, ರೋಗ ಬಂತು ಎಂದು ಗಾಬರಿಯಾಗುವವರಿದ್ದಾರೆ. ಕೆಲವರು ಅದನ್ನು ಹೆರೆದುಹಾಕುತ್ತಾರೆ, ಕೆಲವರು ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಬಳಿಯುತ್ತಾರೆ. ಕಲ್ಲುಹೂವು ಮರದ ರಸ ಹೀರುವುದಿಲ್ಲ. ಅದಕ್ಕೆ ಬೇರಿಲ್ಲ; ತೊಗಟೆ ಅದಕ್ಕೆ ಕೂರುವ ಜಾಗ ಮಾತ್ರ. ತೆಂಗನ್ನು ನಿಜವಾಗಿ ಕೊಲ್ಲುವ ಅಣಬೆ ರೋಗ ಬೇರಿನಿಂದ, ಬುಡದಿಂದ ಏರುವಂಥದ್ದು; ಅದಕ್ಕೂ ಕಾಂಡದ ಈ ಮಚ್ಚೆಗಳಿಗೂ ಸಂಬಂಧವಿಲ್ಲ. ಸೊರಗಿದ ಮರದ ಮೇಲೆ ಕಲ್ಲುಹೂವು ಹೆಚ್ಚು ಕಾಣುತ್ತದೆ ಎಂದು ರೈತರು ಹೇಳುವುದುಂಟು. ಆ ಗಮನಿಕೆ ಸರಿ, ಕಾರಣ ಮಾತ್ರ ತಿರುವುಮುರುವು. ಎಲೆ ಉದುರಿ ಬಿಸಿಲು ಒಳಗೆ ಬಿದ್ದಾಗ, ಮರದ ಬೆಳವಣಿಗೆ ನಿಧಾನವಾದಾಗ ಕಲ್ಲುಹೂವಿಗೆ ಅನುಕೂಲ. ಮರ ಸೊರಗಿದ್ದರಿಂದ ಅದು ಬಂತು. ಅದು ಬಂದದ್ದರಿಂದ ಮರ ಸೊರಗಲಿಲ್ಲ. ಇಷ್ಟನ್ನು ತೋಟಗಾರಿಕೆ ಇಲಾಖೆಯ ಒಂದು ಕರಪತ್ರ ತಿಳಿಸಿದರೂ ಎಷ್ಟೋ ಕೂಲಿ, ಎಷ್ಟೋ ಮೈಲುತುತ್ತ ಉಳಿಯುತ್ತದೆ.

ಇನ್ನು ರಸಾಯನದ ವಿಷಯ. ಮಸಾಲೆ ಡಬ್ಬಿಯಿಂದ ಕಲ್ಲುಹೂವಿನ ಒಂದು ಅಗಲವಾದ ಚೂರು ತೆಗೆದುಕೊಳ್ಳಿ. ಮೇಲ್ಮೈ ಬೂದು ಬಿಳುಪು, ಅಡಿ ಕಪ್ಪು, ಅಂಚಿಗೆ ಬಂದಂತೆ ಕಂದು. ಮೇಲಿನ ಸಿಪ್ಪೆಯನ್ನು ಬ್ಲೇಡಿನಿಂದ ಸ್ವಲ್ಪವೇ ಹೆರೆದರೆ ಒಳಗೆ ಹತ್ತಿಯಂಥ ಬಿಳಿ ಪದರ ಕಾಣುತ್ತದೆ. ಆ ಬಿಳಿಯ ಮೇಲೆ ಬಟ್ಟೆ ಬಿಳುಪಾಗಿಸುವ ಬ್ಲೀಚ್ ದ್ರಾವಣದ ಒಂದು ಹನಿ ಬಿಡಿ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಪಾರ್ಮೊಟ್ರೆಮಾ ಟಿಂಕ್ಟೋರಮ್ ಆಗಿದ್ದರೆ, ಬಿಳಿ ಪದರ ನೋಡನೋಡುತ್ತಿದ್ದಂತೆ ಕೆಂಪೇರುತ್ತದೆ. ಅದರಲ್ಲಿರುವ ಲೆಕನೋರಿಕ್ ಆಮ್ಲ ಬ್ಲೀಚಿನೊಂದಿಗೆ ವರ್ತಿಸಿದ ಗುರುತು ಅದು. ಆ ಚೂರನ್ನು ಮತ್ತೆ ಡಬ್ಬಿಗೆ ಹಾಕದೆ ಎಸೆದುಬಿಡಬೇಕು, ಅಷ್ಟೇ. ಫಿನ್ಲೆಂಡ್ ಮೂಲದ ವಿಲಿಯಂ ನೈಲಾಂಡರ್ 1866ರಲ್ಲಿ ಬಳಕೆಗೆ ತಂದ ಈ ಬಣ್ಣದ ಪರೀಕ್ಷೆಯನ್ನು ಇಂದಿಗೂ ಪ್ರಭೇದ ಗುರುತಿಸಲು ಬಳಸುತ್ತಾರೆ. ಕಾಲೇಜಿನ ಪ್ರಯೋಗಾಲಯಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಕಣ್ಣಿಗೆ ಕಟ್ಟುವ ಪಾಠ ಸಿಗಲಾರದು.

ಇಂಥ ಸಾವಿರಕ್ಕೂ ಹೆಚ್ಚು ರಾಸಾಯನಿಕಗಳನ್ನು ಕಲ್ಲುಹೂವುಗಳಲ್ಲಿ ಗುರುತಿಸಿದ್ದಾರೆ. ಅವುಗಳಲ್ಲಿ ಬಹಳಷ್ಟು ಬೇರೆಲ್ಲೂ ಸಿಗುವುದಿಲ್ಲ. ಇವು ಸುಮ್ಮನೆ ಶೇಖರವಾದ ಕಸವಲ್ಲ. ಸಿಪ್ಪೆಯಲ್ಲಿರುವ ಅಟ್ರನೋರಿನ್, ಅಸ್ನಿಕ್ ಆಮ್ಲದಂಥವು ಸುಡುಬಿಸಿಲಿನ ನೇರಳಾತೀತ ಕಿರಣವನ್ನು ತಡೆದು ಕೆಳಗಿನ ಪಾಚಿಯನ್ನು ಕಾಯುತ್ತವೆ. ಒಳಪದರದ ಆಮ್ಲಗಳು ನೀರು ಅಂಟದಂತೆ ಮಾಡಿ, ಮಳೆ ಬಂದಾಗಲೂ ಒಳಗೆ ಗಾಳಿಯಾಡುವ ಜಾಗ ಉಳಿಸುತ್ತವೆ. ಕೆಲವು ಹುಳುಹುಪ್ಪಟೆಗಳನ್ನು, ಬ್ಯಾಕ್ಟೀರಿಯಾವನ್ನು ದೂರವಿಡುತ್ತವೆ. ನಾವು ಇಷ್ಟಪಡುವ ಪರಿಮಳದ ನಂಟೂ ಇಲ್ಲೇ ಇದೆ: ಅಟ್ರನೋರಿನ್‌ನಂಥ ಅಣುಗಳು ಒಡೆದಾಗ ಹುಟ್ಟುವ ಚಿಕ್ಕ ಅಣುಗಳಿಗೆ ಸುಗಂಧ ಉದ್ಯಮ ಬೆಲೆ ಕೊಡುತ್ತದೆ.

ಈ ರಸಾಯನದ ಹಿಂದಿನ ವಂಶವಾಹಿಗಳ ಹುಡುಕಾಟ ಈಚಿನ ದೊಡ್ಡ ಹೆಜ್ಜೆ. ಕಲ್ಲುಹೂವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಬಹಳ ಕಷ್ಟ, ಅದು ಬೆಳೆಯುವುದೂ ತೀರಾ ನಿಧಾನ. ಆದ್ದರಿಂದ 2021ರಲ್ಲಿ ಎರಡು ತಂಡಗಳು ಬೇರೆ ದಾರಿ ಹಿಡಿದವು. ಒಂದು ತಂಡ ಲೆಕನೋರಿಕ್ ಆಮ್ಲ ತಯಾರಿಸುವ ವಂಶವಾಹಿಯನ್ನು ಬ್ರೆಡ್ಡಿನ ಯೀಸ್ಟಿಗೆ ಸೇರಿಸಿ, ಯೀಸ್ಟಿನಿಂದಲೇ ಆ ಆಮ್ಲ ತೆಗೆಯಿತು. ಇನ್ನೊಂದು ತಂಡ ಅಟ್ರನೋರಿನ್ ತಯಾರಿಸುವ ವಂಶವಾಹಿಗಳ ಗೊಂಚಲನ್ನು ಗುರುತಿಸಿ, ಬೇರೊಂದು ಶಿಲೀಂಧ್ರದೊಳಗೆ ಕೆಲಸಕ್ಕೆ ಹಚ್ಚಿತು. ಮುಂದೆ ಔಷಧಿಗೋ ಬಣ್ಣಕ್ಕೋ ಈ ಅಣುಗಳು ಬೇಕಾದರೆ ಕಾಡಿನ ಮರ ಹೆರೆಯುವ ಅಗತ್ಯವಿರದು ಎಂಬ ಭರವಸೆಗೆ ಇದರಿಂದ ಆಧಾರ ಸಿಕ್ಕಿತು.

ಇಲ್ಲಿ ಒಂದು ಎಚ್ಚರದ ಮಾತು ಹೇಳಲೇಬೇಕು. ಕಲ್ಲುಹೂವಿನ ಸಾರವನ್ನು ತೆಗೆದು, ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾದ ಮೇಲೆ ಹಾಕಿ, ಅದು ಬ್ಯಾಕ್ಟೀರಿಯಾವನ್ನು ತಡೆಯಿತು ಎಂದು ವರದಿ ಮಾಡುವ ಪ್ರಬಂಧಗಳು ನಮ್ಮಲ್ಲೂ ಹೊರಗೂ ಹೇರಳ. ಅವುಗಳಿಂದ ವಿದ್ಯಾರ್ಥಿಗಳು ಕೆಲಸ ಕಲಿಯುತ್ತಾರೆ, ನಿಜ. ಆದರೆ ತಟ್ಟೆಯಲ್ಲಿ ಗೆದ್ದದ್ದೆಲ್ಲ ದೇಹದಲ್ಲಿ ಔಷಧಿಯಾಗುವುದಿಲ್ಲ. ಅಸ್ನಿಕ್ ಆಮ್ಲ ಬ್ಯಾಕ್ಟೀರಿಯಾ ನಿರೋಧಕವೆಂದು ಬಹುಕಾಲದಿಂದ ಹೆಸರಾದದ್ದು. ತೂಕ ಇಳಿಸುವ ಒಂದು ಮಾತ್ರೆಯಲ್ಲಿ ಅದನ್ನು ಸೇರಿಸಿದಾಗ ಹಲವರ ಯಕೃತ್ತಿಗೆ ತೀವ್ರ ಹಾನಿಯಾಯಿತು. 2001ರಲ್ಲಿ ಅಮೆರಿಕದ ಎಫ್‌ಡಿಎ ಆ ಮಾತ್ರೆ ಸೇವಿಸಬೇಡಿ ಎಂದು ಎಚ್ಚರಿಸಬೇಕಾಯಿತು. ಒಗ್ಗರಣೆಗೆ ಚಿಟಿಕೆ ಹಾಕುವುದು ಬೇರೆ, ಸಾರ ತೆಗೆದು ನುಂಗುವುದು ಬೇರೆ. ಹೆಸರನ್ನು ಖಚಿತಪಡಿಸಿಕೊಳ್ಳದೆ, ಮಾದರಿಯನ್ನು ಉಳಿಸದೆ, ಚೀಲಗಟ್ಟಲೆ ಹೆರೆದು ಅರೆದು ಪರೀಕ್ಷಿಸುವ ಪದ್ಧತಿ ವಿಜ್ಞಾನಕ್ಕೂ ಒಳ್ಳೆಯದಲ್ಲ, ಕಾಡಿಗೂ ಒಳ್ಳೆಯದಲ್ಲ.

ಏಕೆಂದರೆ ಮಾರುಕಟ್ಟೆಯ ಕಲ್ಲುಹೂವಿನಲ್ಲಿ ತೋಟದಲ್ಲಿ ಬೆಳೆದದ್ದು ಎಂಬುದೇ ಇಲ್ಲ. ಎಲ್ಲವೂ ಕಾಡಿನ ಮರ, ಬಂಡೆಗಳಿಂದ ಬಂದದ್ದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿ, ಸೀಗೆಯ ಜೊತೆ ಕಲ್ಲುಹೂವನ್ನೂ ಆಯ್ದು ಮಾರಿ ಬದುಕು ಕಟ್ಟಿಕೊಂಡವರು. ಅವರ ಹಕ್ಕು ನ್ಯಾಯವಾದದ್ದು. ಅವರು ಆಯುವ ಕಾಡು ಅವರಿಗೆ ಗೊತ್ತು, ಎಷ್ಟು ಬಿಡಬೇಕೆಂಬುದೂ ಗೊತ್ತು. ತೊಂದರೆ ಇರುವುದು ಕೊಳ್ಳುವ ನಮ್ಮಲ್ಲಿ. ಈ ಚೂರು ಎಲ್ಲಿಂದ ಬಂತು, ಮತ್ತೆ ಬೆಳೆಯಲು ಎಷ್ಟು ಕಾಲ ಬೇಕು ಎಂದು ನಾವು ಕೇಳುವುದಿಲ್ಲ. ಬಂಡೆಗೆ ಅಂಟಿ ಬೆಳೆಯುವ ಬಗೆಗಳು ಎಷ್ಟೋ ಕಡೆ ವರ್ಷಕ್ಕೆ ಒಂದು ಮಿಲಿಮೀಟರೂ ಹಬ್ಬುವುದಿಲ್ಲ. ಎಲೆಯಂತೆ ಹರಡುವವು ಕೆಲವು ಮಿಲಿಮೀಟರು. ಅಂಗೈಯಗಲದ ಒಂದು ಕಲ್ಲುಹೂವು ಹೆಚ್ಚುಕಡಿಮೆ ಒಂದು ಪೀಳಿಗೆಯ ಬೆಳೆ.

ಈಗ ನನ್ನ ವಾದದ ನಡುವಿಗೆ ಬರುತ್ತೇನೆ. ಕಲ್ಲುಹೂವಿಗೆ ಬೇರಿಲ್ಲ, ಎಲೆಗಿರುವಂಥ ಮೇಣದ ಹೊದಿಕೆಯೂ ಇಲ್ಲ. ನೀರು, ಉಪ್ಪು, ಗೊಬ್ಬರ ಎಲ್ಲವನ್ನೂ ಗಾಳಿ, ಮಂಜು, ಮಳೆಯಿಂದ ಮೈಯಿಡೀ ಹೀರಿಕೊಳ್ಳುತ್ತದೆ. ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳುವ ಅನುಕೂಲ ಅದಕ್ಕಿಲ್ಲ. ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್ ಒದ್ದೆ ಮೈಯಲ್ಲಿ ಕರಗಿ ಪಾಚಿಯ ಹರಿತ್ತನ್ನು ಕೆಡಿಸುತ್ತದೆ. ಪಾಚಿ ಸತ್ತರೆ ಕೂಟ ಮುರಿಯುತ್ತದೆ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂವುಗಳನ್ನು ನೋಡಿ ಗಾಳಿಯ ಶುದ್ಧಿಯನ್ನು ಅಳೆಯಬಹುದೆಂದು 1866ರಲ್ಲೇ ಹೇಳಿದವರು ಅದೇ ನೈಲಾಂಡರ್. 1970ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಎಂಬಿಬ್ಬರು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಯಾವ ಕಲ್ಲುಹೂವಿದ್ದರೆ ಗಾಳಿಯಲ್ಲಿ ಗಂಧಕ ಎಷ್ಟಿರಬಹುದು ಎಂಬ ಅಳತೆಪಟ್ಟಿಯನ್ನೇ ಮಾಡಿಕೊಟ್ಟರು. ಲಂಡನ್ನಿನ ಹೊಗೆ ಇಳಿದ ಮೇಲೆ ಕಲ್ಲುಹೂವುಗಳು ನಗರಕ್ಕೆ ಮರಳುತ್ತಿವೆ ಎಂದು 1981ರಲ್ಲಿ ಅವರೇ ಬರೆದರು.

ನಮಗೆ ಹತ್ತಿರದ ಉದಾಹರಣೆ ಬೆಂಗಳೂರು. ಸಂಜೀವ ನಾಯಕ, ಡಿ.ಕೆ. ಉಪ್ರೇತಿ, ಮಾಧವ ಗಾಡ್ಗೀಳ ಮೊದಲಾದವರು ಬೆಂಗಳೂರು ನಗರದ, ಮುಖ್ಯವಾಗಿ ಲಾಲ್‌ಬಾಗಿನ ಕಲ್ಲುಹೂವುಗಳನ್ನು ಅಧ್ಯಯನ ಮಾಡಿ 2003ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದರು. ಕಲ್ಲುಹೂವುಗಳ ಮೈಯಲ್ಲಿ ಸೇರಿದ್ದ ಭಾರಲೋಹಗಳನ್ನು ಅಳೆದರು, ಲಾಲ್‌ಬಾಗಿನಲ್ಲಿ ಹಿಂದೆ ದಾಖಲಾಗಿದ್ದ ಪ್ರಭೇದಗಳನ್ನು ಮತ್ತೆ ಹುಡುಕಿದರು. ಹಲವು ಸಿಗಲಿಲ್ಲ. ಈ ಅಧ್ಯಯನ ಸಾಧ್ಯವಾದದ್ದು ಹೇಗೆಂದು ಗಮನಿಸಬೇಕು. ಅದಕ್ಕೂ ಎರಡು ದಶಕಗಳಷ್ಟು ಹಿಂದೆ ಯಾರೋ ಲಾಲ್‌ಬಾಗಿನ ಮರಗಳ ನಡುವೆ ನಡೆದು, ನೋಡಿ, ಹೆಸರು ಬರೆದಿಟ್ಟಿದ್ದರು. ಆ ಪಟ್ಟಿ ಇದ್ದುದರಿಂದ ಏನು ಹೋಯಿತೆಂದು ಗೊತ್ತಾಯಿತು. ಪಟ್ಟಿಯೇ ಇಲ್ಲದ ಊರಿನಲ್ಲಿ ಏನು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ತೂಕವಾದವೇ.

ಮೊದಲನೆಯದು: ಗಾಳಿ ಅಳೆಯುವ ಯಂತ್ರಗಳು ಬಂದಿರುವಾಗ ಕಲ್ಲುಹೂವು ಏಕೆ? ಯಂತ್ರ ನಿಖರ ಅಂಕಿ ಕೊಡುತ್ತದೆ, ಕಲ್ಲುಹೂವು ಕೊಡುವುದಿಲ್ಲ ಎಂಬುದು ನಿಜ. ಆದರೆ ಯಂತ್ರ ಇಟ್ಟ ಜಾಗದ, ಆ ಹೊತ್ತಿನ ಗಾಳಿಯನ್ನಷ್ಟೇ ಅದು ಹೇಳುತ್ತದೆ. ಜಿಲ್ಲಾ ಕೇಂದ್ರದಲ್ಲಿ ಒಂದು ಯಂತ್ರವಿಟ್ಟರೆ ನಿಟ್ಟೂರಿನ, ಹುಲಿಯೂರುದುರ್ಗದ ಗಾಳಿ ತಿಳಿಯುವುದಿಲ್ಲ. ಪ್ರತಿ ಹೋಬಳಿಯಲ್ಲೂ ಯಂತ್ರ ಇಡಲು ಹಣವೂ ಇಲ್ಲ, ನೋಡಿಕೊಳ್ಳುವವರೂ ಇಲ್ಲ. ಮರವಿರುವಲ್ಲೆಲ್ಲ ಕಲ್ಲುಹೂವು ಇರಬಲ್ಲದು. ವರ್ಷಗಟ್ಟಲೆ ಬಂದುಹೋದ ಗಾಳಿಯ ಒಟ್ಟು ಪರಿಣಾಮವನ್ನು ಅದು ಮೈಯಲ್ಲಿ ಇಟ್ಟುಕೊಂಡಿರುತ್ತದೆ. ಪಿಕ್ಸಿನ್ ಕೊಕೊಸ್ ಎಂಬ, ಊರೊಳಗಿನ ಮಾವು ಮೊದಲಾದ ಮರಗಳ ಮೇಲೂ ತಾಳಿಕೊಳ್ಳುವ ಬೂದು ಕಲ್ಲುಹೂವನ್ನು ಲಖನೌದ ವಿಜ್ಞಾನಿಗಳು ಉತ್ತರ ಭಾರತದ ನಗರಗಳಲ್ಲಿ ಭಾರಲೋಹ ಪತ್ತೆಗೆ ಬಳಸಿದ್ದಾರೆ. ಯಂತ್ರ ಮತ್ತು ಕಲ್ಲುಹೂವು ಒಂದಕ್ಕೊಂದು ಬದಲಿಯಲ್ಲ. ಯಂತ್ರವನ್ನು ಎಲ್ಲಿಡಬೇಕೆಂದು ಹೇಳಲು ಕಲ್ಲುಹೂವು ಬೇಕು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ತುಮಕೂರು ಒಣಸೀಮೆ. ಮಳೆ ವರ್ಷಕ್ಕೆ ಸುಮಾರು 600ರಿಂದ 700 ಮಿಲಿಮೀಟರು. ಮರದ ಮೇಲೆ ಕಲ್ಲುಹೂವಿಲ್ಲದಿದ್ದರೆ ಅದು ಹೊಗೆಯಿಂದಲೋ, ಬರದಿಂದಲೋ, ಮರ ಎಳೆಯದೆಂದೋ ಹೇಗೆ ಹೇಳುವುದು? ಸುಮ್ಮನೆ ನೋಡಿ ಹೇಳಲಾಗದು ಎಂಬುದೇ ಪ್ರಾಮಾಣಿಕ ಉತ್ತರ. ಇಂಗ್ಲೆಂಡಿನ ಅಳತೆಪಟ್ಟಿಯನ್ನು ತಂದು ಇಲ್ಲಿ ಹಚ್ಚಲೂ ಬರುವುದಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ಇಂಧನ ಬಂದು, ಪೆಟ್ರೋಲು ಡೀಸೆಲಿನ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿದಿದೆ. ಇಂದಿನ ಚಿಂತೆ ಗಂಧಕಕ್ಕಿಂತ ಹೆಚ್ಚಾಗಿ ದೂಳು, ವಾಹನಗಳ ಸಾರಜನಕದ ಹೊಗೆ, ಗೊಬ್ಬರ ಮತ್ತು ಕೊಟ್ಟಿಗೆಗಳ ಅಮೋನಿಯಾ. ಅಮೋನಿಯಾ ಹೆಚ್ಚಾದರೆ ಕಲ್ಲುಹೂವು ಪೂರ್ತಿ ಮಾಯವಾಗುವುದಿಲ್ಲ; ಸಾರಜನಕ ತಾಳದವು ಹೋಗಿ, ಅದನ್ನು ಇಷ್ಟಪಡುವವು ಹಬ್ಬುತ್ತವೆ ಎಂದು ನೆದರ್ಲೆಂಡಿನಲ್ಲಿ ವಾನ್ ಹೆರ್ಕ್ ತೋರಿಸಿದ್ದಾರೆ. ಹಾಗಾಗಿ ಇದೆಯೋ ಇಲ್ಲವೋ ಎಂದು ಕೇಳಿದರೆ ಸಾಲದು, ಯಾವುದಿದೆ ಎಂದು ಕೇಳಬೇಕು. ಒಂದೇ ಜಾತಿಯ, ಒಂದೇ ದಪ್ಪದ ಮರಗಳನ್ನು ಹೋಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಊರನ್ನು ಅದೇ ಊರಿನ ಹತ್ತು ವರ್ಷದ ಹಿಂದಿನ ಸ್ಥಿತಿಯೊಂದಿಗೆ ಹೋಲಿಸಬೇಕು. ಬರ ಇಡೀ ಜಿಲ್ಲೆಗೆ ಬರುತ್ತದೆ, ಹೊಗೆ ಒಂದು ರಸ್ತೆಗೆ ಬರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಹಳೆಯ ದಾಖಲೆ ಇದ್ದರೆ ಮಾತ್ರ ಸಾಧ್ಯ. ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಪಟ್ಟಿ ಈಗಲೇ ಬೇಕು ಎಂಬುದನ್ನು ಇನ್ನಷ್ಟು ಬಲಪಡಿಸುತ್ತದೆ.

ಬಂಡೆಗಳ ಕಥೆ ಬೇರೆಯೇ. ಸುಮಾರು 3,900 ಅಡಿ ಎತ್ತರದ ದೇವರಾಯನದುರ್ಗವಾಗಲಿ, ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ, ಹುತ್ರಿದುರ್ಗಗಳಾಗಲಿ, ದೂರದಿಂದ ಬೋಳುಬಂಡೆಯಂತೆ ಕಾಣುತ್ತವೆ. ಹತ್ತಿರ ಹೋದರೆ ಬೋಳಾಗಿರುವ ಜಾಗವೇ ಕಡಿಮೆ. ಬೂದು, ಹಳದಿ ಮಿಶ್ರಿತ ಹಸಿರು, ಕಿತ್ತಳೆ ಮಚ್ಚೆಗಳು ಒಂದರ ಅಂಚಿಗೊಂದು ತಾಗಿ ಕಲ್ಲನ್ನು ಹೊದ್ದಿರುತ್ತವೆ. ಮಳೆನೀರು ಇಳಿಯುವ ಗೆರೆಯುದ್ದಕ್ಕೂ ಕಪ್ಪು ಪಟ್ಟಿಗಳು. ಆ ಕಪ್ಪಿನಲ್ಲಿ ಸಯನೋಬ್ಯಾಕ್ಟೀರಿಯಾ ಇರುತ್ತವೆ, ಅವುಗಳನ್ನು ಕೂಡಿಕೊಂಡ ಕಲ್ಲುಹೂವುಗಳೂ ಇರುತ್ತವೆ. ಅವು ನೀರಿಳಿಯುವಲ್ಲೇ ಏಕೆ ಕೂರುತ್ತವೆ ಎಂಬುದನ್ನು ಜರ್ಮನಿಯ ಒಟ್ಟೊ ಲಾಂಗೆ ಮತ್ತು ಸಂಗಡಿಗರು 1986ರಲ್ಲಿ ತಿಳಿಸಿದರು. ಹಸಿರು ಪಾಚಿಯ ಕಲ್ಲುಹೂವು ಗಾಳಿಯ ತೇವದಿಂದಲೇ ಎಚ್ಚೆತ್ತು ಆಹಾರ ತಯಾರಿಸಬಲ್ಲದು. ಸಯನೋಬ್ಯಾಕ್ಟೀರಿಯಾ ಇರುವುದಕ್ಕೆ ನೀರಿನ ಹನಿಯೇ ಬೇಕು. ಬೆಟ್ಟದಲ್ಲಿ ಯಾವ ಬಣ್ಣ ಎಲ್ಲಿದೆ ಎಂಬುದಕ್ಕೆ ಹೀಗೆ ಕಾರಣವಿದೆ. ಶಿಂಷಾ ಮತ್ತು ಜಯಮಂಗಲಿ ನದಿಗಳು ಹುಟ್ಟುವ ದೇವರಾಯನದುರ್ಗದಲ್ಲಿ ಕಲ್ಲನ್ನು ಕಣಕಣವಾಗಿ ಸಡಿಲಿಸಿ ಮಣ್ಣಿಗೆ ಮೊದಲ ಹಿಡಿ ಸೇರಿಸುವ ಕೆಲಸದಲ್ಲಿ ಈ ಮಚ್ಚೆಗಳ ಪಾಲೂ ಇದೆ. ಅವು ಆಕ್ಸಾಲಿಕ್ ಆಮ್ಲ ಸೂಸುತ್ತವೆ, ಎಳೆಗಳನ್ನು ಕಲ್ಲಿನ ಸಂದಿಗೆ ಇಳಿಸುತ್ತವೆ.

ಇದೇ ಗುಣ ಶಾಸನಗಳಿಗೆ, ಗುಡಿಗಳ ಶಿಲ್ಪಗಳಿಗೆ ತೊಡಕು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ತುಮಕೂರು ಜಿಲ್ಲೆಗೇ ಮೀಸಲಾಗಿ 1904ರಲ್ಲಿ ಬಂತು. ಅದರಲ್ಲಿ ದಾಖಲಾದ ಹಲವು ಕಲ್ಲುಗಳು ಊರೂರಿನ ಹೊಲದ ಬದುವಿನಲ್ಲಿ, ಗುಡಿಯ ಮುಂದೆ ಇಂದಿಗೂ ನಿಂತಿವೆ. ಅಕ್ಷರಗಳ ಮೇಲೆ ಕಲ್ಲುಹೂವು ಹಬ್ಬಿದರೆ ಓದಲಾಗದು. ಅಂಥಲ್ಲಿ ಅದನ್ನು ತೆಗೆಯಬೇಕೆಂಬುದು ಒಪ್ಪತಕ್ಕ ಮಾತೇ. ಆದರೆ ತಂತಿ ಬ್ರಷ್ಷು, ಆಸಿಡ್ಡು ಹಿಡಿದು ಉತ್ಸಾಹದಿಂದ ಉಜ್ಜುವ ಶ್ರಮದಾನ ಕಲ್ಲುಹೂವಿನ ಜೊತೆ ಅಕ್ಷರವನ್ನೂ ತೆಗೆಯುತ್ತದೆ. ಅದು ಪುರಾತತ್ವ ತಜ್ಞರ ಕೆಲಸ, ಅವರಿಗೇ ಬಿಡಬೇಕು. ಬೆಟ್ಟದ ಬಂಡೆಗಳ ಮೇಲೆ ಹೆಸರು, ಘೋಷಣೆ, ಜಾಹೀರಾತು ಬಳಿಯುವ ಚಾಳಿಗಂತೂ ಯಾವ ಸಮರ್ಥನೆಯೂ ಇಲ್ಲ. ಒಂದು ಡಬ್ಬಿ ಬಣ್ಣ ನೂರಾರು ವರ್ಷದ ಬೆಳವಣಿಗೆಯನ್ನು ಅರ್ಧ ಗಂಟೆಯಲ್ಲಿ ಮುಚ್ಚಿಬಿಡುತ್ತದೆ.

ಮರ ಕಡಿದರೆ ಸಸಿ ನೆಡುತ್ತೇವಲ್ಲ ಎಂಬ ಮಾತಿಗೂ ಇಲ್ಲೇ ಉತ್ತರವಿದೆ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಸಾಲು ಬೆಳೆಸಿದ ಸಾಲುಮರದ ತಿಮ್ಮಕ್ಕ ನೆಟ್ಟ ಸಸಿಗಳು ಮರಗಳಾಗಲು ದಶಕಗಳೇ ಬೇಕಾದವು, ದಿನವೂ ಹೊತ್ತು ತಂದ ನೀರು ಬೇಕಾಯಿತು. ತೊಗಟೆ ಒರಟಾಗಿ, ಬಿರುಕು ಬಿಟ್ಟು, ಬಗೆಬಗೆಯ ಕಲ್ಲುಹೂವುಗಳಿಗೆ ನೆಲೆಯಾಗುವುದು ಆಮೇಲಿನ ಮಾತು. ಹತ್ತು ಸಸಿ ಒಂದು ಹಳೆಯ ಹುಣಸೆಗೆ ಸಮ ಎಂಬ ಲೆಕ್ಕ ನೆರಳಿನ ಮಟ್ಟಿಗೇ ಸರಿಯಿಲ್ಲ, ತೊಗಟೆಯ ಜೀವಲೋಕದ ಮಟ್ಟಿಗಂತೂ ಪೂರ್ತಿ ತಪ್ಪು.

ಹಾಗಾದರೆ ಮಾಡಬೇಕಾದದ್ದೇನು? ಹೊಸ ಕಾನೂನೇನೂ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಹಾಕಿದ ಮೇಲೆ 2020ರ ಸುಮಾರಿಗೆ ಎಲ್ಲೆಡೆ ಈ ಕೆಲಸ ತರಾತುರಿಯಲ್ಲಿ ಸಾಗಿತು. ಬೆಳೆ, ಮರ, ಔಷಧಿ ಗಿಡ, ದನಕರು, ಹಕ್ಕಿಗಳ ಜೊತೆಗೆ ಆ ಪುಸ್ತಕದಲ್ಲಿ ಕಲ್ಲುಹೂವಿಗೂ ಒಂದು ಪುಟ ತೆರೆಯಬಹುದು. ತುಮಕೂರು ವಿಶ್ವವಿದ್ಯಾಲಯ, ಗುಬ್ಬಿ ಮತ್ತು ಕುಣಿಗಲ್‌ನ ಪದವಿ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳು ಕೈಜೋಡಿಸಿದರೆ ಕೆಲಸ ಆಗುವಂಥದ್ದೇ.

ವಿಧಾನವೂ ಸಿದ್ಧವಿದೆ. ಯೂರೋಪಿನ ದೇಶಗಳು 2014ರಲ್ಲಿ ಒಪ್ಪಿದ ಕ್ರಮದಲ್ಲಿ ಮರದ ಬುಡದಿಂದ ಒಂದು ಮೀಟರ್ ಮೇಲೆ, ನಾಲ್ಕು ದಿಕ್ಕಿಗೂ, 10 ಸೆಂಟಿಮೀಟರಿನ ಐದೈದು ಚೌಕಗಳ ಪಟ್ಟಿ ಇಟ್ಟು, ಪ್ರತಿ ಚೌಕದಲ್ಲಿ ಯಾವ ಯಾವ ಬಗೆ ಇದೆಯೆಂದು ಬರೆಯುತ್ತಾರೆ. ದಾರ, ಅಳತೆಪಟ್ಟಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮೊಬೈಲ್ ಫೋನು, ನೋಟ್‌ಬುಕ್ಕು ಸಾಕು. ಬ್ರಿಟನ್ನಿನಲ್ಲಿ 2009ರಲ್ಲಿ ನಡೆದ ಗಾಳಿ ಸಮೀಕ್ಷೆಯಲ್ಲಿ ಸಾಮಾನ್ಯ ಜನ, ಶಾಲಾಮಕ್ಕಳು ಒಂಬತ್ತೇ ಬಗೆಯ ಕಲ್ಲುಹೂವುಗಳನ್ನು ಗುರುತಿಸಲು ಕಲಿತು ಮಾಹಿತಿ ಕಳಿಸಿದರು. ನಮ್ಮ ಮಕ್ಕಳಿಗೆ ಅದು ಸಾಧ್ಯವಿಲ್ಲ ಎನ್ನಲು ಕಾರಣವಿಲ್ಲ. ಗುರುತು ಸಿಗದವುಗಳ ಚಿಕ್ಕ ಮಾದರಿಯನ್ನು ಕಾಗದದ ಪೊಟ್ಟಣದಲ್ಲಿಟ್ಟು, ಮರ, ಜಾಗ, ದಿನಾಂಕ ಬರೆದು ಒಣಗಿಸಿಟ್ಟರೆ ಅದು ದಶಕಗಟ್ಟಲೆ ಕೆಡುವುದಿಲ್ಲ. ತಜ್ಞರು ಎಂದಾದರೂ ನೋಡಿ ಹೆಸರು ಹೇಳಬಲ್ಲರು.

ಜಾಗದ ಆಯ್ಕೆಗೆ ಶಿಂಷೆಯೇ ದಾರಿ ತೋರಿಸುತ್ತಾಳೆ. ದೇವರಾಯನದುರ್ಗದ ಕಾಡು, ನಾಮದ ಚಿಲುಮೆ. ಅಲ್ಲಿಂದ ತುಮಕೂರಿನ ಅಮಾನಿಕೆರೆ, ಬಿ.ಎಚ್. ರಸ್ತೆ, ಗುಬ್ಬಿ ತಾಲ್ಲೂಕಿನ ಕಡಬ ಕೆರೆಯ ಸುತ್ತಿನ ತೋಟಗಳು, ಕೊನೆಗೆ ಕುಣಿಗಲ್ಲಿನ ಕುದುರೆ ಫಾರಂ, ಮಾರ್ಕೋನಹಳ್ಳಿ ಜಲಾಶಯದ ಸುತ್ತಿನ ಮರಗಳು. ಕಾಡು, ನಗರ, ತೋಟ, ಬಯಲು ನಾಲ್ಕೂ ಈ ಒಂದು ಸಾಲಿನಲ್ಲಿ ಬರುತ್ತವೆ. ಆರಿಸಿದ ಮರಗಳನ್ನು ಐದು ವರ್ಷಕ್ಕೊಮ್ಮೆ ಮತ್ತೆ ನೋಡಿದರೆ, ಈ ಜಿಲ್ಲೆಯ ಗಾಳಿ ಎತ್ತ ಸಾಗುತ್ತಿದೆ ಎಂಬುದಕ್ಕೆ ಯಾರ ಹಂಗೂ ಇಲ್ಲದ ಸಾಕ್ಷಿ ನಮ್ಮ ಕೈಯಲ್ಲಿರುತ್ತದೆ. ಉತ್ತರಾಖಂಡದ ಅರಣ್ಯ ಇಲಾಖೆ 2020ರಲ್ಲಿ ಮುನ್ಸಿಯಾರಿಯಲ್ಲಿ ಕಲ್ಲುಹೂವಿನ ಉದ್ಯಾನವನ್ನೇ ತೆರೆಯಿತು. ನಾವು ಉದ್ಯಾನ ಕೇಳುತ್ತಿಲ್ಲ, ಒಂದು ಪುಟ ಕೇಳುತ್ತಿದ್ದೇವೆ.

ಈ ಲೇಖನ ಓದಿದ ಅಧ್ಯಾಪಕರು ಮುಂದಿನ ಮಳೆಗಾಲ ಮುಗಿದ ಕೂಡಲೇ, ಮರಗಳ ಮೈ ಇನ್ನೂ ತೇವವಾಗಿ ಹಸಿರು ಎದ್ದು ಕಾಣುವಾಗ, ಒಂದು ತರಗತಿಯನ್ನು ಹೊರಗೆ ಕರೆದುಕೊಂಡು ಹೋಗಲಿ. ಪಂಚಾಯಿತಿ ಸದಸ್ಯರು ತಮ್ಮ ಊರಿನ ಜೀವವೈವಿಧ್ಯ ದಾಖಲಾತಿಯ ಪುಸ್ತಕ ಎಲ್ಲಿದೆಯೆಂದು ಕೇಳಿ ತೆರೆಯಲಿ. ತೋಟದವರು ಕಾಂಡ ಹೆರೆಯುವ ಕತ್ತಿಯನ್ನು ಕೆಳಗಿಡಲಿ. ಮರಕ್ಕೆ ನಂಬರು ಬರೆಯುವವರು ಕೆತ್ತುವ ಮುನ್ನ ಆ ತೊಗಟೆಯದೊಂದು ಫೋಟೊ ತೆಗೆಯಲಿ. ಇವುಗಳಿಗೆ ತಗಲುವ ಖರ್ಚು ತೀರಾ ಕಡಿಮೆ. ಇವನ್ನು ಮಾಡದೇ ಬಿಟ್ಟರೆ ಹೋದದ್ದೇನೆಂದು ಹೇಳಲು ನಮ್ಮ ಮುಂದಿನವರ ಬಳಿ ಏನೂ ಇರುವುದಿಲ್ಲ.